ಡೊಂಬಿವಲಿಯ ನನ್ನ ಸಾರಿನ ಪುಡಿಗೆ ಕಲಾ ವಿದ್ಯಾರ್ಥಿನಿ ಮಾಡಿಕೊಟ್ಟ ಲೇಬಲ್

ಮುಂಬಯಿಯಲ್ಲಿ ಸಣ್ಣ ವ್ಯಾಪಾರ ಮಾಡುವವರು ಡಿಸೈನ್ ಕೆಲಸವನ್ನು ಕಲಾ ಕಾಲೇಜಿನ ಮಕ್ಕಳಿಗೆ ಧೈರ್ಯವಾಗಿ ಕೊಡಬಹುದು. ಆದರೆ ದುಡ್ಡು ಕೊಟ್ಟೇ ಮಾಡಿಸಿ. ನಾನು ಡೊಂಬಿವಲಿಯ ಮನೆಯಲ್ಲೇ ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ಮಾಡಿ ಮಾರುತ್ತೇನೆ. ಮೂರಕ್ಕೂ ಹೊಸ ಲೇಬಲ್ ಮಾಡಿಕೊಟ್ಟವಳು ಅಪ್ಲೈಡ್ ಆರ್ಟ್ (ಜಾಹೀರಾತು, ಲೇಬಲಿನಂಥ ವಿನ್ಯಾಸದ ಕಲೆ) ಕೊನೆಯ ವರ್ಷದ ಮರಾಠಿ ಹುಡುಗಿ.

ಅವಳ ಕೆಲಸ ಕಣ್ಣಿಗೆ ಬಿದ್ದದ್ದು ಅವರ ಕಾಲೇಜಿನ ವಾರ್ಷಿಕ ಪ್ರದರ್ಶನದಲ್ಲಿ. ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯಿಂದ ಬಂದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಕಲಿತದ್ದು ಇದೇ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ, 1857ರಷ್ಟು ಹಳೆಯ ಸಂಸ್ಥೆ ಅದು. ಆ ಅಭಿಮಾನಕ್ಕೇ ನಾನು ಇಂಥ ಪ್ರದರ್ಶನಗಳಿಗೆ ಹೋಗುತ್ತಿರುತ್ತೇನೆ. ಗೋಡೆಯ ಮೇಲಿರುವುದನ್ನು ನೋಡಿ, ಮಾಡಿದವರನ್ನು ಅಲ್ಲೇ ಮಾತಾಡಿಸಬಹುದು. ಮೊಬೈಲಿನಲ್ಲಿ ಪೋರ್ಟ್‌ಫೋಲಿಯೊ (ಮಾಡಿದ ಕೆಲಸಗಳ ಸಂಗ್ರಹ) ನೋಡುವುದಕ್ಕಿಂತ ಇದು ಎಷ್ಟೋ ಮೇಲು.

ಹಳೆಯ ಲೇಬಲಿನಲ್ಲಿ ಪ್ರೆಸ್ಸಿನವರು ಹಾಕಿದ್ದ ರೆಡಿಮೇಡ್ ಮೆಣಸಿನ ಚಿತ್ರವಿತ್ತು, ನುಣ್ಣಗೆ ಹೊಳೆಯುವಂಥದ್ದು. ನನ್ನ ಪುಡಿಗೆ ಬೀಳುವುದು ಬ್ಯಾಡಗಿ. ಹುಡುಗಿ ಮನೆಗೆ ಬಂದು, ನಾನು ಕೊತ್ತಂಬರಿ ಹುರಿಯುವಾಗ ಪಕ್ಕದಲ್ಲೇ ಕೂತಳು. "ಕಾಕೂ, ಒಂದು ಹಿಡಿ ಮೆಣಸು ಕೊಡಿ" ಎಂದು ಕೇಳಿ ಕಟ್ಟಿಕೊಂಡು ಹೋದಳು. ಅವಳು ಬಿಡಿಸಿ ತಂದ ಮೆಣಸಿನಲ್ಲಿ ಒಂದೊಂದು ಸುಕ್ಕೂ ಇದೆ, ಆ ಕಡುಗೆಂಪು ಬಣ್ಣವೂ ಇದೆ. ಮಾಟುಂಗಾದ ಅಂಗಡಿಯಲ್ಲಿ ಪ್ಯಾಕೆಟ್ ನೋಡಿದ ಹಾವೇರಿಯ ಗಿರಾಕಿಯೊಬ್ಬರು "ಇದು ನಮ್ಮ ಮೆಣಸಿನಕಾಯಿ" ಎಂದರಂತೆ. ನನಗೆ ಅಷ್ಟು ಸಾಕು.

ತೊಂದರೆಯಾದದ್ದು ಕನ್ನಡ ಅಕ್ಷರದಲ್ಲಿ. ಮೊದಲ ಪ್ರೂಫಿನಲ್ಲಿ 'ಚಟ್ನಿ'ಯ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದಿತ್ತು. ಡಿಸೈನ್ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳಿಗೆ ಬೇರೆ ಸೆಟ್ಟಿಂಗ್ ಹಾಕದಿದ್ದರೆ ಹೀಗಾಗುತ್ತದೆ. ಕನ್ನಡ ಓದಲು ಬಾರದವಳಿಗೆ ಅದು ಗೊತ್ತಾಗುವುದು ಹೇಗೆ? ಪ್ರೂಫ್ ನೀವೇ ಓದಬೇಕು. ಹೇಳಿದ ಮೇಲೆ ಅವಳು ಸೆಟ್ಟಿಂಗ್ ಸರಿಮಾಡಿದ್ದಲ್ಲದೆ, ಮುಂಬಯಿಯ ಅಕ್ಷರ ವಿನ್ಯಾಸ ಸಂಸ್ಥೆ ಏಕ್ ಟೈಪ್‌ನವರ 'ಬಲೂ ತಮ್ಮ' ಫಾಂಟನ್ನೂ ಹುಡುಕಿ ತಂದಳು. ಅದು ಉಚಿತ, ದೇವನಾಗರಿಯಲ್ಲೂ ಅದರ ಜೋಡಿ ಇದೆ. ಈಗ ಪ್ಯಾಕೆಟ್ಟಿನ ಮೇಲೆ ಕನ್ನಡ ಮತ್ತು ಮರಾಠಿ ಹೆಸರುಗಳು ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರು, ತೂಕ, ತಯಾರಿಸಿದ ದಿನಾಂಕ ಇವನ್ನೆಲ್ಲ ಮೊದಲೇ ಬರೆದುಕೊಟ್ಟಿದ್ದರಿಂದ ಅಲ್ಲಿ ಏನೂ ತಪ್ಪಲಿಲ್ಲ.

ಮೂರು ಲೇಬಲಿಗೆ 12,000 ರೂಪಾಯಿ ಕೊಟ್ಟೆ, ಅರ್ಧ ಮುಂಗಡ. "ನಿನ್ನ ಹೆಸರು ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ದುಡ್ಡು ಆಮೇಲೆ ನೋಡೋಣ" ಎನ್ನುವವರು ನಮ್ಮವರಲ್ಲೂ ಇದ್ದಾರೆ. ಇದು ಅನ್ಯಾಯ. ಆ ಮಕ್ಕಳು ಬಣ್ಣ, ಕಾಗದ, ಕಲರ್ ಪ್ರಿಂಟು ಎಲ್ಲಕ್ಕೂ ಕೈಯಿಂದ ಹಾಕುತ್ತಾರೆ. ಬೇಡವೆಂದು ಪಕ್ಕಕ್ಕಿಟ್ಟ ಸ್ಕೆಚ್ಚಿನ ಹಿಂದೆಯೂ ರಾತ್ರಿಯ ನಿದ್ದೆಗೆಟ್ಟ ಶ್ರಮವಿರುತ್ತದೆ. ಅದಕ್ಕೂ ಲೆಕ್ಕ ಹಿಡಿಯಿರಿ.

ಕಾಗದಪತ್ರವೂ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷವೆಂದೇ ಲೆಕ್ಕ. ನಾವು ಒಂದು ಪುಟ ಬರೆದುಕೊಂಡೆವು: ಲೇಬಲಿನ ಹಕ್ಕೂ ಮೂಲ ಫೈಲೂ ನನಗೆ, ಪೋರ್ಟ್‌ಫೋಲಿಯೊದಲ್ಲಿ ತೋರಿಸುವ ಸ್ವಾತಂತ್ರ್ಯ ಅವಳಿಗೆ.

ಪರೀಕ್ಷೆ, ಜ್ಯೂರಿ (ತೀರ್ಪುಗಾರರ ಮುಂದೆ ಕೆಲಸದ ಮೌಲ್ಯಮಾಪನ), ಸಬ್ಮಿಶನ್ ಸಮಯದಲ್ಲಿ ಮಾತ್ರ ಕೆಲಸ ಒಪ್ಪಿಸಬೇಡಿ. ಅವರಿಗೂ ಕಷ್ಟ, ನಿಮಗೂ ಕಾಯುವ ಪಾಡು. ದೀಪಾವಳಿ ಪ್ಯಾಕೆಟ್ ಬೇಕಿದ್ದರೆ ಮಳೆಗಾಲದಲ್ಲೇ ಮಾತಾಡಿಕೊಳ್ಳಿ. ಪುಡಿಗಳ ಫೋಟೊ ತೆಗೆಯಲು ನನಗೀಗ ಒಬ್ಬ ಇಂಟರ್ನ್ ಬೇಕು, ಸ್ಟೈಪೆಂಡ್ ಕೊಡುತ್ತೇನೆ. ಅದಕ್ಕೂ ವಿದ್ಯಾರ್ಥಿಗಳನ್ನೇ ಕೇಳುವವಳಿದ್ದೇನೆ.