‘ಸೂಪಾ ಲೇಕ್ ವ್ಯೂ ಟ್ರೇಲ್’ ಅಂತ ಮಾರುತ್ತಿರುವ ರೂಟ್ ಪ್ಯಾಕ್: ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಉತ್ತರ ಕನ್ನಡದ ಸೂಪಾ ಅಣೆಕಟ್ಟಿನ ಹಿನ್ನೀರು ನೋಡುತ್ತಾ 28 ಕಿಲೋಮೀಟರ್ ಓಟ. ಅರಣ್ಯ ಇಲಾಖೆಯ ಪರ್ಮಿಷನ್, ವಾಚು-ಮೊಬೈಲಿನಲ್ಲಿ ಹಾದಿ ತೋರಿಸುವ ಜಿಪಿಎಕ್ಸ್ ಫೈಲು, ಮಧ್ಯದಲ್ಲಿ ನೀರು-ಹಣ್ಣು, ಕೊನೆಗೆ ಹೋಂಸ್ಟೇ ಊಟ, ಎಲ್ಲಾ ಸೇರಿ ತಲೆಗೆ 2,400 ರೂಪಾಯಿ. ಈ ಜಾಹೀರಾತು ನಿಮ್ಮ ಇನ್‌ಸ್ಟಾಗೂ ಬಂದಿರಬಹುದು. ಕಟ್ಟಬೇಡಿ. ಇನ್ನೊಂದು ಸಲ ಹೇಳ್ತೇನೆ, ಕಟ್ಟಬೇಡಿ. ದುಡ್ಡು ಕಟ್ಟಿ, ಅಕ್ಟೋಬರಿನಲ್ಲಿ ಹೋಗಿ ಮೋಸ ಹೋದವರು ನಾವು. ಆ ಹಾದಿಯಲ್ಲಿ ಅವರು ಯಾರೂ ಓಡಿಲ್ಲ. ಓಡುವುದಿರಲಿ, ನಡೆದೂ ನೋಡಿಲ್ಲ. ಎಲ್ಲೋ ಕೂತು ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದು ಮಾರುತ್ತಿದ್ದಾರೆ.

ಫೈಲು ಕಳಿಸಿದ್ದು ಓಟದ ಹಿಂದಿನ ರಾತ್ರಿ ಹತ್ತೂವರೆಗೆ. ಜೋಯಿಡಾ ಕಡೆಯ ನೆಟ್‌ವರ್ಕ್ ಕತೆ ಗೊತ್ತಿದ್ದವರು ಹೀಗೆ ಮಾಡುವುದಿಲ್ಲ. ಅಥವಾ ಗೊತ್ತಿದ್ದೇ ಮಾಡುತ್ತಾರೆ, ಯಾಕೆಂದರೆ ಆ ಫೈಲನ್ನು ಪುರುಸೊತ್ತಿನಲ್ಲಿ ಬಿಚ್ಚಿ ನೋಡಿದರೆ ಬಣ್ಣ ಬಯಲು.

ಜಿಪಿಎಕ್ಸ್ ಅಂದರೆ ಬರೀ ಅಕ್ಷರದ ಫೈಲು, ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತದೆ. ವಾಚ್ ಕಟ್ಟಿಕೊಂಡು ಓಡಿದ ಫೈಲಾದರೆ ಪ್ರತಿ ಬಿಂದುವಿಗೂ ಅಕ್ಷಾಂಶ, ರೇಖಾಂಶ, ಎತ್ತರದ ಜೊತೆಗೆ ಸಮಯ ಸೆಕೆಂಡ್ ಸಮೇತ ದಾಖಲಾಗಿರುತ್ತದೆ. ಇದರಲ್ಲಿ ಸಮಯದ ಸಾಲು ಒಂದೂ ಇಲ್ಲ. ಸರಿ, ಕೆಲವರು ಬೇಕಂತಲೇ ಸಮಯ ಅಳಿಸಿ ಕೊಡುವುದುಂಟು, ಅದನ್ನು ಒಪ್ಪೋಣ. ಬಿಂದುಗಳಿಗೆ ಏನು ಹೇಳುತ್ತೀರಿ? ದಟ್ಟ ಮರದಡಿ ಓಡಿದ ಗೆರೆ ಅತ್ತಿತ್ತ ನಡುಗಿರುತ್ತದೆ, ಬಿಂದುಗಳು ಕೆಲವೇ ಮೀಟರಿಗೊಂದು ಬಿದ್ದಿರುತ್ತವೆ. ಇಲ್ಲಿ 80 ಮೀಟರಿಗೊಂದು, 120ಕ್ಕೊಂದು, ಒಂದು ಕಡೆಯಂತೂ 300 ಮೀಟರಿಗೊಂದು. ನಡುವೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ. ಘಟ್ಟದ ಯಾವ ಕಾಲುದಾರಿ 300 ಮೀಟರ್ ನೇರ ಹೋಗುತ್ತದೆ ಹೇಳಿ.

ಇದಕ್ಕಿಂತ ದೊಡ್ಡದು 11ನೇ ಕಿಲೋಮೀಟರ್ ಆದಮೇಲೆ ಇದೆ. ಅಲ್ಲಿಂದ 1.4 ಕಿಲೋಮೀಟರ್ ಉದ್ದಕ್ಕೂ ಎತ್ತರದ ಅಂಕಿ ಒಂದೇ. ಒಂದು ಮೀಟರ್ ಏರಿಲ್ಲ, ಒಂದು ಮೀಟರ್ ಇಳಿದಿಲ್ಲ. ಕೈಯಲ್ಲಿ ಎಳೆದ ಗೆರೆಗೆ ಎತ್ತರ ತುಂಬುವುದು ಎಸ್‌ಆರ್‌ಟಿಎಂನಂಥ ನೆಲದ ಎತ್ತರದ ಮಾದರಿಗಳಿಂದ, ಅಂದರೆ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಹಾಯಿಸಿ ಅಳೆದದ್ದು. ಅದರಲ್ಲಿ ಜಲಾಶಯಗಳನ್ನು ಒಂದೇ ಮಟ್ಟಕ್ಕೆ ಚಪ್ಪಟೆ ಮಾಡಿರುತ್ತಾರೆ. ಹಾಗಾಗಿ ಅಂಕಿ ಕದಲದ ಆ 1.4 ಕಿಲೋಮೀಟರ್ ಹಾದಿಯೇ ಅಲ್ಲ, ನೀರು! ಗೆರೆ ಎಳೆದವನು ನೋಡಿದ್ದು ಬೇಸಿಗೆಯ ಚಿತ್ರ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ದಂಡೆಯ ಕೆಂಪು ಮಣ್ಣು ಮೇಲಿನಿಂದ ಅಗಲವಾದ ರಸ್ತೆಯ ಹಾಗೆ ಕಾಣುತ್ತದೆ. ಅದನ್ನೇ ‘ಲೇಕ್ ಸೈಡ್ ಸೆಕ್ಷನ್’ ಅಂತ ಹೆಸರಿಟ್ಟು ಅಕ್ಟೋಬರಿಗೆ ಮಾರಿದ್ದಾರೆ. ಮಳೆಗಾಲ ಮುಗಿದು ಅಣೆಕಟ್ಟು ತುಂಬಿಕೊಂಡಿರುವ ಹೊತ್ತಿಗೆ! ಸೂಪಾದ ಪೂರ್ಣ ಮಟ್ಟ 564 ಮೀಟರ್, ಅಣೆಕಟ್ಟಿನ ಎತ್ತರವೇ 101 ಮೀಟರ್. ಇದು ಬದಿಯಲ್ಲಿ ಚಪ್ಪಲಿ ಬಿಟ್ಟು ದಾಟಿಕೊಳ್ಳುವ ಕೆರೆಯಲ್ಲ. ಬೇಸಿಗೆಯಲ್ಲಿ ಹೋದರೂ ಆ ದಂಡೆ ಓಡುವ ಜಾಗವಲ್ಲ. ಮೇಲೆ ಒಣಗಿದ ಪದರ, ಕೆಳಗೆ ಹಸಿ ಕೆಸರು, ಮಧ್ಯೆ ಮುಳುಗಿ ಸತ್ತ ಮರಗಳ ಬುಡ.

ಏರು ಎಷ್ಟು? ಜಾಹೀರಾತಿನಲ್ಲಿ 650 ಮೀಟರ್, ‘ಬಿಗಿನರ್ ಫ್ರೆಂಡ್ಲಿ’. ಅದೂ ಅದೇ ಮಾದರಿಯಿಂದ ಬಂದ ಅಂಕಿ. 30 ಮೀಟರಿನ ಚೌಕಕ್ಕೆ ಒಂದೇ ಎತ್ತರ ಇರುವ ಅದರಲ್ಲಿ ಹಳ್ಳಕ್ಕಿಳಿದು ಹತ್ತುವ ಸಣ್ಣ ಏರಿಳಿತಗಳು ಲೆಕ್ಕಕ್ಕೇ ಸಿಗುವುದಿಲ್ಲ, ಕಾಡಿನಲ್ಲಂತೂ ರಾಡಾರ್ ನೆಲಕ್ಕಿಂತ ಮರದ ತಲೆಯನ್ನೇ ಅರ್ಧ ಅಳೆದಿರುತ್ತದೆ. ಟ್ರೇಲ್ ಓಟದ ಅಂತರರಾಷ್ಟ್ರೀಯ ಸಂಘ ಐಟಿಆರ್‌ಎ ಲೆಕ್ಕ ಹಾಕುವ ರೀತಿ ಸರಳ: ದೂರದ ಕಿಲೋಮೀಟರಿಗೆ, ಪ್ರತಿ 100 ಮೀಟರ್ ಏರಿಗೆ ಒಂದರಂತೆ ಕೂಡಿಸಿ. 28 ಕಿಲೋಮೀಟರಿಗೆ 650 ಮೀಟರ್ ಅಂದರೆ 34.5 ಕಿಲೋಮೀಟರಿನಷ್ಟು ಶ್ರಮ. ನಿಜವಾದ ಏರು 1,200 ಇದ್ದರೆ 40. ನೀರು, ಹೆಡ್‌ಲ್ಯಾಂಪ್, ಕತ್ತಲೆಯೊಳಗೆ ಮುಗಿಯುತ್ತದೋ ಇಲ್ಲವೋ ಎಲ್ಲವೂ ಆ ವ್ಯತ್ಯಾಸದ ಮೇಲೇ ನಿಂತಿದೆ.

ಇಷ್ಟಾದರೂ ಪರವಾಗಿಲ್ಲ, ರಸ್ತೆ ಹಿಡಿದು ಓಡಿ ವಾಪಸ್ ಬರಬಹುದಿತ್ತು ಅನ್ನಿ. ಮಾನ ಹೋದದ್ದು ಚೆಕ್‌ಪೋಸ್ಟಿನಲ್ಲಿ.

‘ಪರ್ಮಿಷನ್ ಲೆಟರ್’ ಅಂತ ಪಿಡಿಎಫ್ ಕಳಿಸಿದ್ದರು. ಮೇಲೆ ಹಸಿರು ಮರದ ಲೋಗೋ, ಕೆಳಗೆ ನೀಲಿ ಸೀಲು, ಸಣ್ಣ ಅಕ್ಷರ. ಗಾರ್ಡ್ ಮೊಬೈಲ್ ಕೈಗೆ ತಗೊಂಡು, ಎರಡು ಬೆರಳಲ್ಲಿ ಹಿಗ್ಗಿಸಿ, ಒಂದು ಸಲ ಮುಖ ನೋಡಿ, ಪಕ್ಕದವನಿಗೆ ಕೇಳುವ ಹಾಗೆ ಓದಿದರು: “ವೆಜ್ ಊಟ ಆರು, ಟೆಂಟ್ ಎರಡು, ಅಡ್ವಾನ್ಸ್ ಪೇಯ್ಡ್.” ಆಮೇಲೆ ಮೆತ್ತಗೆ, “ಸರ್, ಇದು ಊಟದ ಬಿಲ್ಲು. ಪರ್ಮಿಷನ್ ಎಲ್ಲದೆ?” ಹಿಂದೆ ರಾಫ್ಟಿಂಗಿಗೆ ಹೊರಟ ಗಾಡಿಗಳ ಸಾಲು. ಗಾಜು ಇಳಿಸಿ ಎಲ್ಲರೂ ನೋಡುತ್ತಿದ್ದಾರೆ. ಊಟದ ಬಿಲ್ಲು ತೋರಿಸಿ ಹುಲಿ ಕಾಡಿಗೆ ಹೊರಟವರು ಅಂತ. ಆ ಗಾರ್ಡ್ ಒಂದು ಮಾತು ಗಡುಸಾಗಿ ಆಡಲಿಲ್ಲ, ಅದೇ ಇನ್ನೂ ನಾಚಿಕೆ.

ಅವರು ಹೇಳಿದ್ದು ಸರಿಯೇ. ಜೋಯಿಡಾ ತಾಲೂಕಿನ ಕಾಡಿನ ದೊಡ್ಡ ಪಾಲು ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ, ಮೊದಲು ದಾಂಡೇಲಿ-ಅಣಶಿ ಅಂತಿದ್ದದ್ದು. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು. ಕಾಡಿನೊಳಗೆ ಸಿಕ್ಕಿಬೀಳುವುದು ಓಡಿದವರು, ಫೈಲು ಮಾರಿದವನಲ್ಲ. ಕೇಸು ಬಿಡಿ, ಬೆಳಗಿನ ಮಬ್ಬಿನಲ್ಲಿ ಸದ್ದಿಲ್ಲದೆ ಓಡಿಬರುವವರಿಗೆ ತಿರುವಿನಲ್ಲಿ ಕರಡಿ ಎದುರಾದರೆ ಏನಾಗುತ್ತದೆ ಅಂತ ಜೋಯಿಡಾದವರನ್ನೇ ಕೇಳಿ.

ಈಗ ಅವರ ಉತ್ತರಗಳು. ಒಂದೊಂದೂ ಓದಬೇಕಾದ್ದೇ.

ಚೆಕ್‌ಪೋಸ್ಟಿನಿಂದ ಫೋನ್ ಮಾಡಿದಾಗ: “ಸರ್ ಟೆನ್ಷನ್ ತಗೋಬೇಡಿ, ಅಲ್ಲಿ ನಮ್ಮ ಹುಡುಗ ಇದಾನೆ, ಮಾತಾಡ್ತಾನೆ.” ಹುಡುಗನ ಫೋನ್ ಸ್ವಿಚ್ ಆಫ್. ಮತ್ತೆ ಕೇಳಿದರೆ: “ಪರ್ಮಿಷನ್ ಓರಲ್ ಆಗಿ ಆಗಿದೆ ಸರ್.” ಓರಲ್! ಯಾರ ಹತ್ತಿರ, ಯಾವ ಆಫೀಸಿನಲ್ಲಿ ಅಂದರೆ ಉತ್ತರವಿಲ್ಲ. ಹಾದಿ ನೀರಲ್ಲಿ ಮುಳುಗಿದೆ ಅಂತ ಫೋಟೋ ಕಳಿಸಿದ್ದಕ್ಕೆ: “ಲೇಕ್ ವ್ಯೂ ಅಂತಾನೇ ಹೇಳಿದೀವಲ್ಲ ಸರ್, ನೀರು ಜಾಸ್ತಿ ಇದ್ರೆ ವ್ಯೂ ಇನ್ನೂ ಸೂಪರ್.” ದುಡ್ಡು ವಾಪಸ್ ಕೇಳಿದ್ದಕ್ಕೆ: “ನೀವು ರನ್ ಸ್ಟಾರ್ಟ್ ಮಾಡಿದೀರ, ಸ್ಟಾರ್ಟ್ ಆದ್ಮೇಲೆ ನೋ ರಿಫಂಡ್. ಬೇರೆ ಬ್ಯಾಚಿನವರು ಯಾರೂ ಕಂಪ್ಲೇಂಟ್ ಮಾಡಿಲ್ಲ.” ಕೊನೆಗೆ ಒಂದು ನಗುಮುಖದ ಜೊತೆ: “ಮುಂದಿನ ಬ್ಯಾಚಿಗೆ ನಿಮಗೆ 20 ಪರ್ಸೆಂಟ್ ಡಿಸ್ಕೌಂಟ್.” ಅಲ್ಲಿಗೆ ನಂಬರ್ ಬ್ಲಾಕ್.

ಗೇಟಿನ ಹೊರಗಿದ್ದ ಭಾಗವೂ ಇದೇ ಕತೆ. ಗೆರೆ ಸೀದಾ ಯಾರದ್ದೋ ಅಡಿಕೆ ತೋಟದೊಳಗೆ ಹೋಗುತ್ತದೆ. ಸುತ್ತ ಕರೆಂಟು ಹಾಯಿಸಿದ ಐಬೆಕ್ಸ್ ಬೇಲಿ, ದಣಪೆಗೆ ಬೀಗ, ಒಳಗೆ ನಾಯಿ. ಉಪಗ್ರಹದ ಚಿತ್ರದಲ್ಲಿ ಬೇಲಿ ಕಾಣುವುದಿಲ್ಲವಲ್ಲ. ನೀರು-ಹಣ್ಣು ಸಿಗುವ ‘ಏಡ್ ಸ್ಟೇಷನ್’ ಅಂತ ಗುರುತು ಹಾಕಿದ್ದು ಒಂದು ಗೂಡಂಗಡಿ. ಅಂಗಡಿಯವರು, “ನಂಗೆ ಯಾರೂ ಎಂತದೂ ಹೇಳಲಿಲ್ಲ ಮಾರಾಯ್ರೆ, ಬಾಳೆಹಣ್ಣು ಬೇಕಾದ್ರೆ ತಗೊಳ್ಳಿ” ಅಂದರು. ದುಡ್ಡು ಕೊಟ್ಟೇ ತಗೊಂಡದ್ದು.

ಇದರಲ್ಲಿ ಜೀವಕ್ಕೆ ಬರುವಂಥದ್ದು ಅಣೆಕಟ್ಟಿನ ಕೆಳಗಿನ ತುಂಡು. ಬಂಡೆಗಳ ಮೇಲೆ ಹಾರುತ್ತಾ ಕಾಳಿ ಹೊಳೆ ದಾಟಿ ಅಂತ ಗೆರೆ ಎಳೆದಿದ್ದಾರೆ. ಸೂಪಾದ ಬುಡದಲ್ಲೇ ವಿದ್ಯುದಾಗಾರ ಇದೆ. ಯಂತ್ರ ಶುರುವಾಯಿತೆಂದರೆ ಮಳೆ ಮೋಡ ಏನೂ ಇಲ್ಲದೆಯೂ ಹೊಳೆ ಏರುತ್ತದೆ. ಗಣೇಶಗುಡಿಯ ರಾಫ್ಟಿಂಗ್ ನಡೆಯುವುದೇ ಆ ನೀರಿನಿಂದ. ಬಂಡೆಯ ಮೇಲಿನ ಹಾವಸೆ ಬೇರೆ, ಅಡಿಯಲ್ಲಿ ನಾಲ್ಕೈದು ಮಿಲಿಮೀಟರ್ ಹಲ್ಲಿನ ಟ್ರೇಲ್ ಶೂ ಅಲ್ಲಿ ಏನೂ ಹಿಡಿಯುವುದಿಲ್ಲ. ಹಲ್ಲು ಕೆಲಸಕ್ಕೆ ಬರುವುದು ಕೆಸರಿನಲ್ಲಿ. ಒದ್ದೆ ಬಂಡೆಗೆ, ಒದ್ದೆ ಚಿರೇಕಲ್ಲಿಗೆ ಬೇಕಾದದ್ದು ಮೆತ್ತನೆಯ ಅಂಟು ರಬ್ಬರ್.

ಯಾರದ್ದೇ ರೂಟ್ ಆಗಲಿ, ದುಡ್ಡು ಕಟ್ಟುವ ಮೊದಲು ಫೈಲು ಕೇಳಿ. ಪೂರ್ತಿ ಕೊಡದಿದ್ದರೆ ಮಧ್ಯದ ಎರಡು ಕಿಲೋಮೀಟರ್ ಕೊಡಲಿ, ಸಮಯದ ಸಾಲು ಸಮೇತ. ಹಿನ್ನೀರಿನ ಪಕ್ಕದ ಹಾದಿಯಾದರೆ ಅವತ್ತಿನ ಜಲಾಶಯ ಮಟ್ಟ ನೋಡಿ, ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ದಿನಾ ಹಾಕುತ್ತದೆ. ಫೈಲಿನ ಎತ್ತರ ಅದಕ್ಕಿಂತ ಹತ್ತು ಮೀಟರಾದರೂ ಮೇಲಿರಬೇಕು, ಮಾದರಿಯ ತಪ್ಪೇ ಅಷ್ಟಿರುತ್ತದೆ. ಪರ್ಮಿಷನ್ ಅಂದರೆ ಅರಣ್ಯ ಇಲಾಖೆಯ ರಸೀದಿ, ಓಡುವವರ ಹೆಸರು ಮತ್ತು ತಾರೀಕು ಇರುವಂಥದ್ದು. ಇಲಾಖೆ ತೆರೆದಿಟ್ಟ ಚಾರಣ ಹಾದಿಗಳಿಗೆ ಅರಣ್ಯ ವಿಹಾರ ಜಾಲತಾಣದಲ್ಲೇ ಬುಕ್ ಆಗುತ್ತದೆ, ಮಧ್ಯದವರೇ ಬೇಡ. ನೀರಿನ ಲೆಕ್ಕ ನಿಮ್ಮದೇ ಇರಲಿ: ಈ ಸೆಕೆಯಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಅಂದರೆ ಮೈಗೆ ಹಾಕಿಕೊಳ್ಳುವ ಒಂದೂವರೆ ಲೀಟರಿನ ನೀರಿನ ವೆಸ್ಟ್ ಎರಡು-ಮೂರು ಗಂಟೆಗೆ ಖಾಲಿ. ಒಂದು ಲೀಟರಿಗೆ ಒಂದು ಒಆರ್‌ಎಸ್ ಪೊಟ್ಟಣ. ತೋಟದ ಕೆಳಗಿನ ಹಳ್ಳದ ನೀರು ಕುಡಿಯಬೇಡಿ, ಮಳೆಗಾಲವಿಡೀ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ.

ಇಷ್ಟೆಲ್ಲಾ ಬರೆಯುತ್ತಿರುವುದಕ್ಕೆ ಇನ್ನೊಂದು ಕಾರಣ: ಅದೇ ಜನ ಪೇಜಿನ ಹೆಸರು ಬದಲಿಸಿ ಫೆಬ್ರವರಿಗೆ ಸಿದ್ದಾಪುರ ಕಾಡಿನ ರೂಟ್ ಮಾರಲು ಶುರು ಮಾಡಿದ್ದಾರೆ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ, ಸಿದ್ದಾಪುರದಲ್ಲಿ ಜನರಿಗೆ ಬಂದಿದೆ, ಹರಡುವುದು ಉಣುಗಿನಿಂದ. ಮೊಣಕಾಲಿನ ಮೇಲಿನ ಚಡ್ಡಿ ಹಾಕಿ ದರಕು, ಪೊದೆ ಎಬ್ಬಿಸುತ್ತಾ ಓಡುವ ಕಾಲವೇ ಅದು? ಬೇರೆ ನಂಬರಿನಿಂದ ಈ ಬಗ್ಗೆ ಕೇಳಿದರೆ ಬಂದ ಉತ್ತರ: “ನಮ್ಮ ರೂಟಲ್ಲಿ ಮಂಗ ಬರಲ್ಲ ಸರ್.”

ಈಗಾಗಲೇ ದುಡ್ಡು ಕಟ್ಟಿದವರು ಯುಪಿಐ ವಹಿವಾಟಿನ ಸಂಖ್ಯೆ, ಆ ‘ಲೆಟರ್’, ಫೈಲು, ಚಾಟ್ ಯಾವುದನ್ನೂ ಅಳಿಸಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ, ನೀವೂ ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ನೀವಿರುವ ಊರಿನ ಜಿಲ್ಲೆಯಲ್ಲೇ ಹಾಕಬಹುದು, ವಕೀಲರೂ ಕಡ್ಡಾಯವಲ್ಲ.