ಎತ್ತಿಕೊಳ್ಳುವ ಮಗುವಿನೊಂದಿಗೆ ಬಿಡದಿಯ ವಂಡರ್‌ಲಾ: ತುಮಕೂರಿನಿಂದ ಹೋಗುವವರಿಗೆ

ಬಿಡದಿಯ ವಂಡರ್‌ಲಾ ಮನರಂಜನಾ ಉದ್ಯಾನದಲ್ಲಿ ಟಿಕೆಟ್ಟಿನ ದರವನ್ನು ನಿರ್ಧರಿಸುವುದು ಮಗುವಿನ ವಯಸ್ಸಲ್ಲ, ಎತ್ತರ. 85 ಸೆಂಟಿಮೀಟರಿಗಿಂತ ಕಡಿಮೆ ಎತ್ತರದ ಮಗುವಿಗೆ ಪ್ರವೇಶ ಉಚಿತ. ಅಲ್ಲಿಂದ 140 ಸೆಂಟಿಮೀಟರಿನವರೆಗೆ ಮಕ್ಕಳ ಟಿಕೆಟ್ಟು. ಅದನ್ನು ದಾಟಿದವರೆಲ್ಲ ದೊಡ್ಡವರ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ಎರಡು ವರ್ಷ ತುಂಬಿದ ಮಗುವಿನ ಮಧ್ಯಮ ಎತ್ತರ 86 ಸೆಂಟಿಮೀಟರಿನ ಆಸುಪಾಸಿನಲ್ಲಿದೆ. ಹಾಗಾಗಿ ಎರಡು ವರ್ಷದೊಳಗಿನ ಬಹುತೇಕ ಮಕ್ಕಳು ಹಣ ಕೊಡದೆಯೇ ಒಳಗೆ ಹೋಗುತ್ತಾರೆ. ಗಡಿಯ ಆಚೀಚೆ ಇರುವ ಮಗುವಾದರೆ ಅಂಗನವಾಡಿಯಲ್ಲಿ ಒಮ್ಮೆ ಎತ್ತರ ಅಳೆಸಿಕೊಂಡೇ ಹೊರಡುವುದು ಒಳ್ಳೆಯದು. ಆದರೆ ಈ ಔದಾರ್ಯಕ್ಕೆ ಇನ್ನೊಂದು ಮುಖವೂ ಇದೆ: ಅಲ್ಲಿರುವ ಅರವತ್ತಕ್ಕೂ ಹೆಚ್ಚು ಆಟಗಳಲ್ಲಿ ಆ ಎತ್ತರದ ಮಗು ಹತ್ತಬಹುದಾದವು ಕೆಲವೇ ಕೆಲವು.

ಮಗಳು, ಅಳಿಯ, ಒಂದೂವರೆ ವರ್ಷದ ಮೊಮ್ಮಗಳು ಮತ್ತು ನಾವಿಬ್ಬರು ಹಿರಿಯರು ಸೇರಿ ಹೋಗಿಬಂದ ಮೇಲೆ ನಾನು ಬರೆಯುತ್ತಿರುವುದು ದೊಡ್ಡ ಆಟಗಳ ಬಗ್ಗೆ ಅಲ್ಲ (ಅವು ಎದೆ ನಡುಗಿಸುತ್ತವೆ ಎಂಬುದಕ್ಕೆ ಇಳಿದು ಬಂದ ಅಳಿಯನ ಮುಖವೇ ಸಾಕ್ಷಿಯಾಗಿತ್ತು). ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಅಲ್ಲಿ ಒಂದು ಹಗಲು ಕಳೆಯುವುದು ಹಣಕ್ಕೂ ಶ್ರಮಕ್ಕೂ ತಕ್ಕದ್ದೇ ಎಂಬುದರ ಬಗ್ಗೆ.

ತುಮಕೂರಿನಿಂದ ನೆಲಮಂಗಲದ ಮೇಲೆ ಬಂದು ಮಾದಾವರದ ಬಳಿ ನೈಸ್ ರಸ್ತೆ ಹಿಡಿದರೆ ಬೆಂಗಳೂರಿನ ಒಳಗೆ ಹೋಗದೆಯೇ ಮೈಸೂರು ರಸ್ತೆ ಸೇರಬಹುದು. ಟೋಲ್ ಹೆಚ್ಚಾದರೂ ಮಗು ನಿದ್ದೆಗೆಡದೆ ಸಾಗುವ ಹಾದಿ ಇದೇ. ಮೈಸೂರು ರಸ್ತೆಯಲ್ಲಿ ಎಕ್ಸ್‌ಪ್ರೆಸ್‌ವೇ ಹತ್ತದೆ ಸರ್ವಿಸ್ ರಸ್ತೆಯಲ್ಲಿಯೇ ಇರಬೇಕು. ದಾರಿಯಲ್ಲಿ ತಿಂಡಿಗೆ ನಿಂತ ಹೋಟೆಲೊಂದರಲ್ಲಿ ಮಗುವಿನ ಬಟ್ಟೆ ಬದಲಿಸಲು ಒಂದು ಮೂಲೆಯೂ ಇರಲಿಲ್ಲವಾದ್ದರಿಂದ ಆ ಕೆಲಸ ಕಾರಿನ ಹಿಂದಿನ ಸೀಟಿನ ಮೇಲೆಯೇ ಮುಗಿಯಿತು. ಒಂದು ಪ್ಲಾಸ್ಟಿಕ್ ಹಾಸನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು.

2005ರಲ್ಲಿ ಆರಂಭವಾದ ಈ ಉದ್ಯಾನ ಸುಮಾರು 82 ಎಕರೆಯಷ್ಟು ವಿಸ್ತಾರವಾಗಿದೆ. ಯುವಕರಿಗೆ ಇದು ಹೆಚ್ಚುಗಾರಿಕೆ, ಹತ್ತು ಕೆ.ಜಿ. ತೂಕದ ಮಗುವನ್ನು ಎತ್ತಿಕೊಂಡು ನಡೆಯುವವರಿಗೆ ಇದೇ ಮೊದಲ ಪರೀಕ್ಷೆ. ಆದ್ದರಿಂದ ಎಲ್ಲವನ್ನೂ ನೋಡುವ ಆಸೆಯನ್ನು ಗೇಟಿನಲ್ಲಿಯೇ ಬಿಟ್ಟು, ಮಕ್ಕಳ ಆಟಗಳು ಮತ್ತು ಮಕ್ಕಳ ಕೊಳದ ಸುತ್ತಮುತ್ತಲೇ ದಿನವನ್ನು ಹೊಂದಿಸಿಕೊಳ್ಳುವುದು ವಿವೇಕ.

ನಮ್ಮ ಮೊಮ್ಮಗಳಿಗೆ ಆ ದಿನವಿಡೀ ಬೇಕಾಗಿದ್ದುದು ಮಕ್ಕಳ ಕೊಳವೊಂದೇ. ಮೇಲಿನಿಂದ ಎಳೆಯಾಗಿ ಬೀಳುತ್ತಿದ್ದ ನೀರಿಗೆ ಅಂಗೈ ಒಡ್ಡುವುದು, ನೀರು ಬೆರಳುಗಳ ಸಂದಿಯಿಂದ ಸೋರಿಹೋದಾಗ ಮುಷ್ಟಿ ಬಿಚ್ಚಿ ಅದೆಲ್ಲಿ ಹೋಯಿತೆಂದು ಹುಡುಕುವುದು, ಮತ್ತೆ ಒಡ್ಡುವುದು. ಅಜ್ಜಿ ಕರೆದರೂ ಇಲ್ಲ, ಅಮ್ಮ ಕರೆದರೂ ಇಲ್ಲ. ಆದರೆ ಇಲ್ಲಿಯೇ ಅತ್ಯಂತ ಎಚ್ಚರವೂ ಬೇಕು. ಮೊಣಕಾಲುದ್ದದ ನೀರಿನಲ್ಲಿಯೂ ಕಾಲು ಜಾರಿದ ಮಗು ಕೂಗದೆಯೇ ಮುಳುಗಬಹುದಾದ್ದರಿಂದ, ದೊಡ್ಡವರೊಬ್ಬರು ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಮೊಬೈಲನ್ನು ಲಾಕರಿನಲ್ಲಿಟ್ಟು, ನೀರಿನೊಳಗೇ ನಿಂತಿರಬೇಕು. ತೋಳಿಗೆ ಕಟ್ಟುವ ಗಾಳಿಚೀಲಗಳನ್ನು ಆಟಿಕೆಯೆಂದು ಭಾವಿಸಬೇಕೇ ಹೊರತು ರಕ್ಷಣೆಯೆಂದಲ್ಲ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತಾರ ಹೆಚ್ಚು, ಹಾಗಾಗಿ ಮೈಯ ಶಾಖ ಬೇಗ ಆರಿಹೋಗುತ್ತದೆ; ತುಟಿ ನೀಲಿಗಟ್ಟುವವರೆಗೆ ಕಾಯದೆ ಆಗಾಗ ಮೇಲೆತ್ತಿ, ಒರೆಸಿ, ಬಿಸಿಲಿಗಲ್ಲದೆ ನೆರಳಿಗೆ ಕರೆತರಬೇಕು.

ನೀರಿಗಿಳಿಯಲು ನೈಲಾನ್ ಉಡುಪೇ ಆಗಬೇಕು, ಹತ್ತಿಬಟ್ಟೆಗೆ ಅವಕಾಶವಿಲ್ಲ. ಸೀರೆಯುಟ್ಟು ಬಂದ ನಮ್ಮ ಮನೆಯವರು ದಡದಲ್ಲಿಯೇ ಉಳಿದರು. ಮಗುವಿಗೆ ಸಾಮಾನ್ಯ ಡೈಪರ್ ಹಾಕಿ ಇಳಿಸಿದರೆ ಅದು ನೀರು ಕುಡಿದು ಊದಿಕೊಂಡು ಜಾರುತ್ತದೆ. ಈಜಿಗೆಂದೇ ಬರುವ ಡೈಪರನ್ನು ತುಮಕೂರಿನಲ್ಲಿಯೇ ಕೊಂಡು ಒಯ್ಯಬೇಕು. ಅದು ಮೂತ್ರವನ್ನು ಹಿಡಿಯುವುದಿಲ್ಲವಾದ್ದರಿಂದ ಕೊಳದ ಬಳಿ ಬಂದ ಮೇಲೆಯೇ ತೊಡಿಸುವುದು ಕ್ಷೇಮ. ಇತ್ತೀಚೆಗೆ ಭೇದಿಯಾಗಿದ್ದ ಮಗುವನ್ನಂತೂ ಯಾವ ಕೊಳಕ್ಕೂ ಇಳಿಸಕೂಡದು: ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಕ್ಲೋರಿನ್ ಬೆರೆಸಿದ ನೀರಿನಲ್ಲಿಯೂ ದಿನಗಟ್ಟಲೆ ಬದುಕಿರುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ಬೇರೊಂದು ಸಣ್ಣ ವಾಟರ್ ಪಾರ್ಕಿನಲ್ಲಿ ಮಕ್ಕಳ ಕೊಳದ ತಳ ಕಾಣದಷ್ಟು ನೀರು ಕದಡಿದ್ದುದನ್ನು ಕಂಡು, ಕೊಟ್ಟ ದುಡ್ಡು ಹೋದರೆ ಹೋಗಲಿ ಎಂದು ನಾವು ಇಳಿಯದೆಯೇ ಹಿಂದಿರುಗಿದ್ದೆವು. ಇಲ್ಲಿ ತಳದ ಟೈಲ್ಸುಗಳ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು, ನನಗೆ ಅಷ್ಟು ಸಾಕಾಯಿತು.

ಅಲೆಗಳ ಕೊಳದ ಕಡೆಗೆ ಮಗುವನ್ನು ಕರೆದೊಯ್ಯುವ ಅಗತ್ಯವಿಲ್ಲ. ಸಂಗೀತದ ಅಬ್ಬರ ಮತ್ತು ಜನರ ಕೇಕೆ ಸೇರಿದರೆ ಈ ವಯಸ್ಸಿನವರು ಕಿವಿ ಮುಚ್ಚಿಕೊಂಡು ಹೆಗಲಿಗೆ ಅವುಚಿಕೊಳ್ಳುತ್ತಾರೆ.

ಹೊರಗಿನ ತಿಂಡಿ ತಿನಿಸುಗಳಿಗೆ ಅನುಮತಿಯಿಲ್ಲ, ಆದರೆ ಮಗುವಿನ ಆಹಾರಕ್ಕೆ ಇದೆ. ಮಗಳು ಫ್ಲಾಸ್ಕಿನಲ್ಲಿ ಬಿಸಿನೀರನ್ನೂ ಡಬ್ಬಿಯಲ್ಲಿ ರಾಗಿ ಸರಿಯ ಹಿಟ್ಟನ್ನೂ ತಂದಿದ್ದಳು; ಮಧ್ಯಾಹ್ನ ನೆರಳಿನ ಬೆಂಚಿನ ಮೇಲೆ ಕುಳಿತು ಅದನ್ನು ಉಣಿಸಿದ ಮೇಲೆ ಮಗು ನನ್ನ ತೊಡೆಯ ಮೇಲೆಯೇ ಮಲಗಿತು. ಆ ಹೊತ್ತಿನಲ್ಲಿಯೇ ಮಗಳೂ ಅಳಿಯನೂ ತಮಗೆ ಬೇಕಾದ ಆಟಗಳನ್ನೆಲ್ಲ ಹತ್ತಿ ಇಳಿದರು.

ಇಲ್ಲಿಯೇ ಖರ್ಚಿನ ವಿಚಾರ ಬರುತ್ತದೆ. ಮಗು ಉಚಿತವಾದರೂ ಅದನ್ನು ನೋಡಿಕೊಳ್ಳಲು ಬೆಂಚಿನ ಮೇಲೆ ಕೂರುವವರು ಉಚಿತವಲ್ಲ. ಅಜ್ಜಿ ತಾತಂದಿರನ್ನು ಕರೆದೊಯ್ದರೆ ಅವರ ಟಿಕೆಟ್ಟೆಲ್ಲ ನೆರಳಿಗೆ ಕೊಟ್ಟ ಬಾಡಿಗೆಯಾಗುತ್ತದೆ. ತಂದೆತಾಯಿ ಇಬ್ಬರೇ ಹೋದರೆ ಸರದಿಯ ಮೇಲೆ ಒಬ್ಬೊಬ್ಬರಾಗಿ ಹತ್ತಬೇಕಾಗಿ, ಇಬ್ಬರಿಗೂ ಅರ್ಧ ದಿನವೇ ದಕ್ಕುತ್ತದೆ. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಅಕ್ಕನೋ ಅಣ್ಣನೋ ಇದ್ದು ಅವರಿಗಾಗಿ ಹೋಗುವುದಾದರೆ ಮಗುವನ್ನೂ ಧಾರಾಳವಾಗಿ ಕರೆದೊಯ್ಯಬಹುದು. ಮಗುವಿಗಾಗಿಯೇ ಹೋಗುವುದಾದರೆ ಎರಡು ವರ್ಷದೊಳಗೆ ಬೇಡವೆಂದೇ ನನ್ನ ಅಭಿಪ್ರಾಯ. ನೀರಾಟಕ್ಕೆ ಅಂಗಳದ ಟಬ್ಬು ಸಾಕು, ಹೊರಗಿನ ಸುತ್ತಾಟಕ್ಕೆ ದೇವರಾಯನದುರ್ಗದ ಕಾಡಿನಲ್ಲಿರುವ ನಾಮದ ಚಿಲುಮೆಯ ಜಿಂಕೆಗಳು ಸಾಕು, ಅದೂ ಮನೆಯಿಂದ ಅರ್ಧ ಗಂಟೆಯ ದೂರದಲ್ಲಿ.

ಹೋಗುವುದೇ ಆದರೆ ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿ, ಬೇಸಿಗೆ ರಜೆಯನ್ನೂ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುವ ಡಿಸೆಂಬರ್, ಜನವರಿಯನ್ನೂ ತಪ್ಪಿಸಿ. ನಾಲ್ಕು ಗಂಟೆಯ ಹೊತ್ತಿಗೆ ಮಗುವಿಗೆ ಒಣಬಟ್ಟೆ ತೊಡಿಸಿ ಹೊರಟುಬಿಟ್ಟರೆ ನೆಲಮಂಗಲದ ಸಂಜೆಯ ವಾಹನದಟ್ಟಣೆಗೆ ಮೊದಲೇ ತುಮಕೂರಿನ ದಾರಿ ಹಿಡಿಯಬಹುದು.