ಸ್ಕ್ರೂಜ್ ಸಿನಿಮಾ: 1951ರದ್ದಾ, 1992ರದ್ದಾ?

ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್ಮಸ್ ಕ್ಯಾರಲ್’ ಎಷ್ಟೋ ಸಲ ತೆರೆಗೆ ಬಂದಿದೆ. ಕ್ರಿಸ್ಮಸ್ ಹಿಂದಿನ ರಾತ್ರಿ ಸತ್ತ ಪಾಲುದಾರ ಮಾರ್ಲಿಯ ಪ್ರೇತ, ಆಮೇಲೆ ಮೂರು ಭೂತಗಳು ಬಂದು ಸ್ಕ್ರೂಜ್ ಎಂಬ ಜಿಪುಣನನ್ನು ಬದಲಿಸುವ ಕಥೆ ಅದು. ಒಂದನ್ನೇ ನೋಡೋದಾದರೆ ಈ ಎರಡರಲ್ಲಿ ಆರಿಸಿಕೊಳ್ಳಿ.

1951ರ ‘ಸ್ಕ್ರೂಜ್’ ಕಪ್ಪು-ಬಿಳುಪು ಚಿತ್ರ. ಸ್ಕ್ರೂಜ್ ಆಗಿರುವ ಅಲಸ್ಟೇರ್ ಸಿಮ್ ಅವರ ಮುಖವೇ ಅರ್ಧ ಸಿನಿಮಾ! ಈ ಜಿಪುಣ ಹೀಗೇಕಾದ ಅನ್ನೋದಕ್ಕೆ ಇಲ್ಲಿ ಜಾಸ್ತಿ ಜಾಗವಿದೆ. ಅವನ ಸೋದರಿ ಹೆರಿಗೆಯಲ್ಲಿ ಸಾಯುವ ದೃಶ್ಯ ಪುಸ್ತಕದಲ್ಲಿಲ್ಲ. ಅವನನ್ನು ದುಡ್ಡಿನ ದಾರಿಗೆ ಎಳೆಯುವ ಜಾರ್ಕಿನ್ ಕೂಡ ಹೊಸ ಪಾತ್ರ. ಕೊನೆಗೆ ಬೆಳಗಾದಾಗ ಖುಷಿಯಲ್ಲಿ ಕುಣಿದು ಕೆಲಸದಾಕೆಯನ್ನು ಬೆಚ್ಚಿಬೀಳಿಸುತ್ತಾನಲ್ಲ, ಅದಕ್ಕಾಗಿಯೇ ನೋಡಬೇಕು.

1992ರ ‘ದಿ ಮಪೆಟ್ ಕ್ರಿಸ್ಮಸ್ ಕ್ಯಾರಲ್’ನಲ್ಲಿ ‘ಮಪೆಟ್’ ಎಂಬ ಗೊಂಬೆಗಳದ್ದೇ ರಾಜ್ಯ. ಸ್ಕ್ರೂಜ್‌ನ ಗುಮಾಸ್ತ ಬಾಬ್ ಒಂದು ಕಪ್ಪೆ. ಪುಸ್ತಕದ ಒಬ್ಬ ಮಾರ್ಲಿ ಇಲ್ಲಿ ಇಬ್ಬರಾಗಿದ್ದಾರೆ. ಹಾಡುಗಳೂ ಇವೆ. ಸುಮ್ನೆ ಮಕ್ಕಳಾಟ ಅಂದುಕೊಳ್ಳಬೇಡಿ. ನಟ ಮೈಕೇಲ್ ಕೇನ್ ಗೊಂಬೆಗಳ ನಡುವೆಯೂ ಗಂಭೀರವಾಗಿಯೇ ಸ್ಕ್ರೂಜ್ ಆಗಿದ್ದಾರೆ. ಡಿಕನ್ಸ್ ವೇಷದ ಗೊಂಬೆ ಗೊಂಜೊ ಪುಸ್ತಕದ ಮಾತುಗಳನ್ನೇ ಎಷ್ಟೋ ಕಡೆ ಹೇಳುತ್ತಾನೆ.

ಮನೆಯಲ್ಲಿ ಮಕ್ಕಳಿದ್ದರೆ 1992ರದ್ದೇ ಸರಿ, ಆದರೆ ಮೂರನೇ ಭೂತ ಬಂದಾಗ ತೀರಾ ಚಿಕ್ಕವರು ಹೆದರಬಹುದು. ರಾತ್ರಿ ಒಬ್ಬರೇ ಕೂತು ನೋಡಲು ಸಿಮ್. ಅದಕ್ಕೆ ಬಣ್ಣ ಹಚ್ಚಿದ ಪ್ರತಿಯೂ ಇದೆ, ಅದು ಬೇಡ.